ಕೊನೇ ಯುದ್ಧ ಯಾಕೆ ಸಪ್ಪೆ?

ಕೇಳುಗರಿಗೆ ನಮಸ್ಕಾರ.

ಮಾಂತ್ರಿಕರು, ಡ್ರಾಗನ್‌ಗಳು, ರಾಕ್ಷಸರು ಇರುವ ಸಿನಿಮಾಗಳಲ್ಲಿ ಕೊನೇ ಯುದ್ಧವೇ ಸಪ್ಪೆ ಆಗುತ್ತದಲ್ಲ, ಯಾಕೆ? ಉತ್ತರ ಈಗಲೇ ಹೇಳಿಬಿಡುತ್ತೇನೆ. ಖಳನಾಯಕನಿಗೆ ಯಾವ ಶಕ್ತಿ ಕೊಟ್ಟಿದ್ದೀರೋ, ಆ ಶಕ್ತಿಯನ್ನೇ ಮುರಿದು ಅವನನ್ನು ಸೋಲಿಸಬೇಕು. ಅದು ಬಿಟ್ಟು ಗ್ರಾಫಿಕ್ಸ್ ಎಷ್ಟು ಸುರಿದರೂ ಅಷ್ಟೇ.

ಇದು ಮಡಿಕೇರಿಯವರಿಗೆ ನಾನು ಹೇಳಿಕೊಡಬೇಕಾದ ವಿಷಯವೇ ಅಲ್ಲ. ವಿಜಯದಶಮಿ ರಾತ್ರಿ ದಶಮಂಟಪ, ಅಂದರೆ ದೇವರ ಕಥೆ ತೋರಿಸುವ ಹತ್ತು ಮಂಟಪಗಳ ಮೆರವಣಿಗೆ ನೋಡುತ್ತಾ ಬೆಳೆದವರು ನಾವು. ಒಂದು ವರ್ಷ ನಡುರಾತ್ರಿ ದಾಟಿದ ಮೇಲೆ ಚಳಿಯಲ್ಲಿ ನಿಂತಿದ್ದೆ. ಒಂದು ಮಂಟಪ ಬಂತು. ಯಾವುದು ಅಂತ ಹೇಳುವುದಿಲ್ಲ, ಆ ಹುಡುಗರೂ ರೇಡಿಯೋ ಕೇಳುತ್ತಾರೆ! ಟ್ರ್ಯಾಕ್ಟರ್ ಮೇಲೆ ದೊಡ್ಡ ಅಸುರ. ಕಣ್ಣಲ್ಲಿ ಕೆಂಪು ದೀಪ, ಬಾಯಲ್ಲಿ ಹೊಗೆ, ಎದೆ ನಡುಗಿಸುವ ಸೌಂಡು. ಮಕ್ಕಳು ಅಪ್ಪಂದಿರ ಬೆನ್ನ ಹಿಂದೆ ಅಡಗಿದರು. ಬಹಳ ಹೊತ್ತು ಕೂಗಿದ. ಆಮೇಲೆ ದೇವಿ ಮುಂದೆ ಬಂದಳು, ದೀಪ ಆರಿತು, ಹತ್ತಿತು, ಅಸುರನ ತಲೆ ಕೆಳಗೆ ಬಿದ್ದಿತ್ತು. ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗನನ್ನು ಕೇಳಿದರು, "ಅಷ್ಟು ಕೂಗಿದವನು ಸುಮ್ನೆ ಸತ್ತನಾ?"

ಹಿಂದೆಯೇ ಇನ್ನೊಂದು ಮಂಟಪ, ರಕ್ತಬೀಜಾಸುರನ ಕಥೆ. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದ ಒಬ್ಬೊಬ್ಬ ಅಸುರ ಹುಟ್ಟುತ್ತಾನೆ. ಕೊಂದಷ್ಟೂ ಜಾಸ್ತಿ! ಕಾಳಿ ನಾಲಿಗೆ ಚಾಚಿ ರಕ್ತ ನೆಲಕ್ಕೆ ಬೀಳುವ ಮೊದಲೇ ಕುಡಿದಳು. ಹನಿ ಬೀಳಲಿಲ್ಲ, ಅಸುರ ಹುಟ್ಟಲಿಲ್ಲ. ರಸ್ತೆಯೆಲ್ಲ ಶಿಳ್ಳೆ. ಆ ಗೊಂಬೆಗಳು ಮೊದಲಿನದಕ್ಕಿಂತ ಸಣ್ಣವು. ಆದರೆ ಶಕ್ತಿ ಎಲ್ಲಿತ್ತೋ ಅಲ್ಲಿಗೇ ಏಟು ಬಿತ್ತು, ಅಲ್ವಾ?

ಈಗ 2011ರ ಹ್ಯಾರಿ ಪಾಟರ್ ಕೊನೇ ಚಿತ್ರ ನೋಡಿ. ಖಳನಾಯಕ ವೋಲ್ಡೆಮಾರ್ಟ್‌ಗೆ ಸಾವೆಂದರೆ ಭಯ. ಅದಕ್ಕೇ ಆತ್ಮವನ್ನು ಚೂರು ಮಾಡಿ ಬಚ್ಚಿಟ್ಟವನು. ಪುಸ್ತಕದಲ್ಲಿ ತುಂಬಿದ ಸಭಾಂಗಣದಲ್ಲಿ, ಎಲ್ಲರ ಕಣ್ಣೆದುರು, ಸಾಮಾನ್ಯ ಮನುಷ್ಯನ ಹಾಗೆ ಹೆಣವಾಗಿ ಬೀಳುತ್ತಾನೆ. ಅವನಿಗೆ ಅದಕ್ಕಿಂತ ದೊಡ್ಡ ಸೋಲು ಬೇಕಾ? ಸಿನಿಮಾದಲ್ಲಿ ಇಬ್ಬರೇ ಅಂಗಳದಲ್ಲಿ ಕಾದಾಡುತ್ತಾರೆ, ಆಮೇಲೆ ಅವನು ಪುಡಿಪುಡಿಯಾಗಿ ಗಾಳಿಯಲ್ಲಿ ಹಾರಿಹೋಗುತ್ತಾನೆ. ನೋಡುವವರು ಯಾರೂ ಇಲ್ಲ! ಇನ್ನೊಂದು. ಅವನ ಕೈಯಲ್ಲಿದ್ದ ಮಂತ್ರದಂಡದ ನಿಜವಾದ ಒಡೆಯ ಹ್ಯಾರಿ, ಅದಕ್ಕೇ ಆ ದಂಡ ಹ್ಯಾರಿಯನ್ನು ಕೊಲ್ಲುವುದಿಲ್ಲ. ಪುಸ್ತಕದಲ್ಲಿ ಹ್ಯಾರಿ ಇದನ್ನು ಏಟಿಗೆ ಮೊದಲೇ, ಅವನ ಮುಖಕ್ಕೇ ಹೇಳುತ್ತಾನೆ. ಸಿನಿಮಾದಲ್ಲಿ ಎಲ್ಲ ಮುಗಿದ ಮೇಲೆ, ಸೇತುವೆ ಮೇಲೆ ನಿಂತು ಗೆಳೆಯರಿಗೆ ವಿವರಿಸುತ್ತಾನೆ. ಗೆದ್ದಾದ ಮೇಲೆ ಗೆದ್ದದ್ದು ಹೇಗೆ ಅಂತ ಪಾಠ! ನನಗಂತೂ ಇವತ್ತಿಗೂ ಸಿಟ್ಟು.

ಕಾರ್ಯಕ್ರಮದವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. 2003ರಲ್ಲಿ ಬಂದ ಲಾರ್ಡ್ ಆಫ್ ದಿ ರಿಂಗ್ಸ್‌ನ ಮೂರನೇ ಚಿತ್ರಕ್ಕೆ ವೀರ ಆರಗಾರ್ನ್ ಮತ್ತು ಖಳನಾಯಕ ಸೌರಾನ್ ಕತ್ತಿ ಹಿಡಿದು ಕಾದಾಡುವ ದೃಶ್ಯ ಚಿತ್ರೀಕರಿಸಿದ್ದರು. ಆಮೇಲೆ ಸೌರಾನ್ ಜಾಗದಲ್ಲಿ ಒಂದು ಟ್ರೋಲ್, ಅಂದರೆ ದೈತ್ಯ ರಾಕ್ಷಸನನ್ನು ಕೂರಿಸಿದರು. ಒಳ್ಳೇದೇ ಮಾಡಿದರು. ಸೌರಾನ್ ಶಕ್ತಿ ಇದ್ದದ್ದು ಉಂಗುರದಲ್ಲಿ. ಉಂಗುರ ಬೆಂಕಿಗೆ ಬಿತ್ತು, ಅವನೂ ಹೋದ. ಕತ್ತಿಗೆ ಅಲ್ಲಿ ಕೆಲಸವೇ ಇಲ್ಲ.

ಹಾಬಿಟ್ ಚಿತ್ರಗಳ ಸ್ಮಾಗ್ ಡ್ರಾಗನ್ ಕಥೆ ಬೇರೆ. ಅದರ ಮೈಮೇಲೆ ಒಂದು ಚಿಪ್ಪು ಇಲ್ಲದ ಜಾಗ ಮೊದಲೇ ತೋರಿಸಿದ್ದರು, ಕರಿ ಬಾಣ ಸರಿಯಾಗಿ ಅಲ್ಲಿಗೇ ಹೋಯಿತು. ಲೆಕ್ಕವೇನೋ ಸರಿ. ಆದರೆ ಎರಡನೇ ಚಿತ್ರದಲ್ಲಿ ಅಷ್ಟು ಹೆದರಿಸಿದ ಡ್ರಾಗನ್ ಮೂರನೇ ಚಿತ್ರದಲ್ಲಿ ಹೆಸರು ತೋರಿಸುವ ಮೊದಲೇ ಸತ್ತಿತು! ಪಾಪ್‌ಕಾರ್ನ್ ತರಲು ಹೋದವರಿಗೆ ಅದೂ ಸಿಗಲಿಲ್ಲ. ಅದರ ಬಗ್ಗೆ ಇನ್ನೂ ಬಹಳ ಹೇಳುವುದಿತ್ತು, ಬಿಡುತ್ತಿಲ್ಲ ಇವರು. ನಮಸ್ಕಾರ.