ಫಿಲ್ಮಿನ ಜಾಗದಲ್ಲಿ ಫೋಟೋ ಪೇಪರ್

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದು, ಫಿಲ್ಮಿನ ಬೆಲೆ ಕೇಳಿ ಸುಮ್ಮನಾದವರಿಗೆ ಈ ಮಾತು. ಪ್ರಿಂಟ್ ಹಾಕುವ ಕಪ್ಪು-ಬಿಳುಪು ಪೇಪರನ್ನೇ ಕ್ಯಾಮೆರಾದೊಳಗೆ ಕೂರಿಸಿದರೆ ಅದೇ ನೆಗೆಟಿವ್, ಅಂದರೆ ಕಪ್ಪು-ಬಿಳುಪು ತಿರುಗುಮುರುಗಾದ ಚಿತ್ರ, ಆಗುತ್ತದೆ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲೂ ನೆಗೆಟಿವ್ ಕಾಗದದ್ದೇ.

120 ಎಂಬ ಅಗಲ ಫಿಲ್ಮಿನ ಕ್ಯಾಮೆರಾ ಇದಕ್ಕೆ ಸಲೀಸು. ಕತ್ತಲೆ ಕೋಣೆಯಲ್ಲಿ, ಪೇಪರನ್ನು ಕೆಡಿಸದ ಕೆಂಪು ದೀಪದ (ಸೇಫ್‌ಲೈಟ್) ಬೆಳಕಿನಲ್ಲಿ ಪೇಪರನ್ನು 6 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಮದ್ದು ಬಳಿದ ಬದಿ ಲೆನ್ಸಿನ ಕಡೆಗಿರುವಂತೆ ಇಡಿ. ಹಿಂಬದಿಯ ಕೆಂಪು ಕಿಂಡಿಗೆ ಕಪ್ಪು ಟೇಪ್ ಹಾಕಿ. ಬಿಸಿಲಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಒಂದು ತುಂಡಿಗೆ ಒಂದೇ ಚಿತ್ರ.

ಪೇಪರಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಸುಮಾರು ಐಎಸ್ಒ 6. ಮಧ್ಯಾಹ್ನದ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 8ರಲ್ಲಿದ್ದರೆ ಸೆಕೆಂಡಿನ 25ನೇ ಒಂದು ಭಾಗ ಸಾಕು. ಕಿಂಡಿ ಇನ್ನೂ ಕಿರಿದಾದ ಎಫ್ 16 ಆದರೆ 6ನೇ ಒಂದು ಭಾಗ, ಆಗ ಟ್ರೈಪಾಡ್ ಬೇಕೇ ಬೇಕು. ಸಂಜೆ ಬೆಳಕಿನಲ್ಲಿ ನೀಲಿ ಕಡಿಮೆ, ಹಾಗಾಗಿ ಬೆಳಕಳೆಯುವ ಮೀಟರ್ ಹೇಳಿದ್ದಕ್ಕಿಂತ ದುಪ್ಪಟ್ಟಾದರೂ ಕೊಡಿ. ಪೇಪರಿಗೆ ಕಾಣುವುದು ನೀಲಿ, ಹಸಿರು ಮಾತ್ರ. ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಅಠಾರಾ ಕಚೇರಿ ಪ್ರಿಂಟಿನಲ್ಲಿ ಕಪ್ಪಗಾಗುತ್ತದೆ, ಮೇಲಿನ ಆಕಾಶ ಬೆಳ್ಳಗೆ ಬರಿದಾಗುತ್ತದೆ.

ನಿಜವಾದ ತಲೆನೋವು ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ನಡುವಿನ ಅಂತರ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ ಮಲ್ಟಿಗ್ರೇಡ್ ಪೇಪರ್ ನೀಲಿ ಬೆಳಕಿಗೆ ಗಡುಸಾಗಿ ಸ್ಪಂದಿಸುತ್ತದೆ. ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ, ಎಕ್ಸ್‌ಪೋಶರ್ ಹೆಚ್ಚಿಸಿ. ಇಲ್ಲವೇ ಕಾಂಟ್ರಾಸ್ಟ್ ಬದಲಾಗದ ಗ್ರೇಡ್ 2 ಪೇಪರ್ ಹುಡುಕಿ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಪ್ರೀಫ್ಲ್ಯಾಶ್, ಅಂದರೆ ಚಿತ್ರ ತೆಗೆಯುವ ಮೊದಲೇ ಪೇಪರಿಗೆ ತುಸು ಬೆಳಕು ತೋರಿಸುವುದು. ಚಿಕ್ಕ ಟಾರ್ಚಿಗೆ ಬಿಳಿ ಕಾಗದ ಹಲವು ಸುತ್ತು ಸುತ್ತಿ ಎತ್ತರದಲ್ಲಿ ಕಟ್ಟಿ. ಒಂದು ಪಟ್ಟಿಯನ್ನು ರಟ್ಟಿನಿಂದ ಮುಚ್ಚಿ, ಒಂದೊಂದು ಸೆಕೆಂಡಿಗೆ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬೆಳಕು ತೋರಿಸಿ ಡೆವಲಪ್ ಮಾಡಿ. ಬೂದು ಬಣ್ಣ ಮೊದಲು ಕಾಣುವ ಮೆಟ್ಟಿಲಿಗಿಂತ ಒಂದು ಹಿಂದಿನದೇ ನಿಮ್ಮ ಅಳತೆ. ಕ್ಯಾಮೆರಾಗೆ ಹಾಕುವ ಪ್ರತಿ ತುಂಡಿಗೂ ಮೊದಲೇ ಅಷ್ಟು ಬೆಳಕು ಕೊಟ್ಟರೆ ನೆರಳಿನ ವಿವರ ಉಳಿಯುತ್ತದೆ.

1ಕ್ಕೆ 9 ನೀರು ಬೆರೆಸುವ ಪೇಪರ್ ಡೆವಲಪರನ್ನು 1ಕ್ಕೆ 18ರಷ್ಟು ತೆಳುಮಾಡಿ, 20 ಡಿಗ್ರಿಯಲ್ಲಿ ಸುಮಾರು 2 ನಿಮಿಷ ಟ್ರೇ ಆಡಿಸಿ. ಬೆಂಗಳೂರಿನ ಬೇಸಿಗೆಯಲ್ಲಿ ನಲ್ಲಿ ನೀರು ಅದಕ್ಕಿಂತ ಬಿಸಿ, ಟ್ರೇ ಕೆಳಗೆ ತಣ್ಣೀರಿಡಿ. ಬೇಗ ಕಪ್ಪಾಯಿತೆಂದು ಅರ್ಧಕ್ಕೇ ತೆಗೆದರೆ ಮಚ್ಚೆಮಚ್ಚೆಯಾಗುತ್ತದೆ. ಮುಂದಿನ ಸಲ ಕ್ಯಾಮೆರಾದಲ್ಲೇ ಬೆಳಕು ಕಡಿಮೆ ಕೊಡಿ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರ ಕೆಡದಂತೆ ಉಳಿಸುವ ಫಿಕ್ಸರ್, ತೊಳೆತ. ಬೋರ್‌ವೆಲ್ ನೀರಾದರೆ ಕೊನೆಗೊಮ್ಮೆ ಫಿಲ್ಟರ್ ನೀರಿನಲ್ಲಿ ಅದ್ದಿ, ಸುಣ್ಣದ ಕಲೆ ಉಳಿಯುವುದಿಲ್ಲ.

ಪ್ರಿಂಟಿಗೆ ನೆಗೆಟಿವ್ ಮತ್ತು ಹೊಸ ಪೇಪರನ್ನು ಮುಖಕ್ಕೆ ಮುಖ ಒತ್ತಿ, ಗಾಜು ಹೇರಿ, ಮೇಲಿನಿಂದ ಬೆಳಕು ಬಿಡಿ. ಪೇಪರಿನ ಬೆನ್ನಿಗೆ ಕಂಪನಿಯ ಹೆಸರು ಅಚ್ಚಾಗಿದ್ದರೆ ಅದೂ ಚಿತ್ರದಲ್ಲಿ ಮೂಡುತ್ತದೆ. ಅಂಥದ್ದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ತಿರುಗಿಸಿ, ಎಡ-ಬಲವನ್ನೂ ಅದಲುಬದಲು ಮಾಡಿಕೊಳ್ಳಿ.