ಅದು ನಟನೆ ಕಣ್ರೀ, ನಟನೆ ಅಂತಲೇ ಕರೀರಿ

ಹೋದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ತಿಥಿ’ ಸಿನಿಮಾದಲ್ಲಿ ಯಾರೂ ನಟಿಸಿಲ್ಲ, ಹಳ್ಳಿ ಜನ ಇದ್ದ ಹಾಗೇ ಇದ್ದಾರೆ, ಕ್ಯಾಮೆರಾ ಇಟ್ಟು ಹಿಡಿದಿದ್ದಾರೆ ಅಷ್ಟೇ.

ಇಲ್ಲ ಸ್ವಾಮಿ. ಅದು ನಟನೆ.

ಸೆಂಚುರಿ ಗೌಡರ ಪಾತ್ರ ಸಿನಿಮಾದ ಶುರುವಿನಲ್ಲೇ ಸಾಯುತ್ತೆ. ಆ ಪಾತ್ರ ಮಾಡಿದ ಸಿಂಗ್ರಿಗೌಡರು ಆಮೇಲೆ ‘ತರ್ಲೆ ವಿಲೇಜ್’ ಸಿನಿಮಾದಲ್ಲೂ ಬಂದ್ರು. ಇದ್ದ ಹಾಗೇ ಇದ್ದವರು ಸತ್ತಿದ್ದು ಹೇಗೆ? ಗಡ್ಡಪ್ಪ ಸೆಂಚುರಿ ಗೌಡರ ಮಗ ಅಂತ ನಾವೆಲ್ಲ ನಂಬಿದ್ವಲ್ಲ, ಗಡ್ಡಪ್ಪನ ಪಾತ್ರ ಮಾಡಿದ ಚನ್ನೇಗೌಡರು ಸಿಂಗ್ರಿಗೌಡರ ಮಗನೇ ಅಲ್ಲ! ನಂಬಿಸಿದ್ದು ಯಾರು? 2015ರಲ್ಲಿ ಲೊಕಾರ್ನೊ ಚಿತ್ರೋತ್ಸವ ಎರಡು ಪ್ರಶಸ್ತಿ ಕೊಟ್ಟ ಸಿನಿಮಾದ ಬೆನ್ನೆಲುಬೇ ಈ ಮುಖಗಳು.

‘ಕ್ಯಾಮೆರಾ ಇಟ್ಟರೆ ಸಾಕು’ ಅನ್ನೋರು ಒಂದು ದಿನ ಇಟ್ಟು ನೋಡಲಿ. ಹೊಸಬರು ಮೊದಲು ಲೆನ್ಸನ್ನೇ ನೋಡ್ತಾರೆ. ಮಾತು ಮುಗಿದ ತಕ್ಷಣ ಸರಿಯಾಯ್ತಾ ಅಂತ ನಿರ್ದೇಶಕರ ಕಡೆ ಕಣ್ಣು ಹಾಯಿಸ್ತಾರೆ. ಆ ಅರ್ಧ ಸೆಕೆಂಡಿಗೆ ಶಾಟ್ ಹೋಯ್ತು. ದೂರದಿಂದ ತೆಗೆದ ವೈಡ್ ಶಾಟಿನಲ್ಲಿ ಬೀಡಿ ಬಲಗೈಯಲ್ಲಿತ್ತು ಅಂದ್ರೆ ಕ್ಲೋಸಪ್ಪಿನಲ್ಲೂ ಅದೇ ಮಾತಿಗೆ, ಅದೇ ಕೈಯಲ್ಲಿ, ಅಷ್ಟೇ ಉದ್ದ ಉಳಿದಿರಬೇಕು. ಇಲ್ಲದಿದ್ರೆ ಎಡಿಟಿಂಗ್‌ನಲ್ಲಿ ಎರಡೂ ಕೂಡಲ್ಲ. ಸಿಂಕ್ ಸೌಂಡ್, ಅಂದ್ರೆ ಶೂಟಿಂಗ್ ಹೊತ್ತಲ್ಲೇ ಮಾತು ರೆಕಾರ್ಡ್ ಮಾಡೋದಾದ್ರೆ ಇನ್ನೂ ಕಷ್ಟ: ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದ್ರೆ ಎಲ್ಲೂ ಕತ್ತರಿಸೋಕಾಗಲ್ಲ. ಅದಕ್ಕೇ ಬಲ್ಲ ನಿರ್ದೇಶಕರು ಸಂಭಾಷಣೆಯ ಹಾಳೆ ಕೊಡಲ್ಲ, ಸನ್ನಿವೇಶ ಹೇಳ್ತಾರೆ, ಕ್ಯಾಮೆರಾ ದೂರ ಇಟ್ಟು ಉದ್ದದ ಟೇಕ್ ತೆಗೀತಾರೆ. ಅಷ್ಟೆಲ್ಲ ಮಾಡಿದ ಮೇಲೂ, ಐದನೇ ಟೇಕಿನಲ್ಲಿ ಎದುರಿನವರ ಮಾತನ್ನ ಮೊದಲ ಸಲ ಕೇಳಿದ ಹಾಗೆ ಕೇಳಬೇಕಾದವರು ಆ ಮನುಷ್ಯರೇ. ಅದು ನಟನೆ!

ರಂಗಭೂಮಿಯವರಿಗೆ ತೊಂದರೆ ಉಲ್ಟಾ. ಕೊನೇ ಸಾಲಿಗೆ ಕೇಳಿಸಿ ರೂಢಿಯಾದ ದನಿ, ಹುಬ್ಬು ಎಲ್ಲ ಕ್ಲೋಸಪ್ಪಿನಲ್ಲಿ ಜಾಸ್ತಿಯಾಗುತ್ತೆ, ಇಳಿಸಬೇಕು. ಸಂಚಾರಿ ಥಿಯೇಟರ್‌ನಿಂದ ಬಂದ ಸಂಚಾರಿ ವಿಜಯ್ ಹಾಗೆ ಇಳಿಸಿದ್ರು, ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ನಾವು ಮಹಾನಟ ಅಂದ್ವಿ. ಸರಿಯಾಗೇ ಅಂದ್ವಿ. ಹಳ್ಳಿಯವರಿಗೆ ಮಾತ್ರ ಆ ಮಾತು ಯಾಕೆ ಬಾಯಿಗೆ ಬರಲ್ಲ?

ಕೆಲವರು ‘ಪೆದ್ರೊ’ ಸಿನಿಮಾದ ಹೆಸರು ಹೇಳ್ತಾರೆ. ನಿರ್ದೇಶಕ ನಟೇಶ್ ಹೆಗಡೆಯವರ ಅಪ್ಪ ಗೋಪಾಲ್ ಹೆಗಡೆ ನಿಜಕ್ಕೂ ಎಲೆಕ್ಟ್ರಿಷಿಯನ್, ಅವರು ಮಾಡಿದ ಪೆದ್ರೊ ಪಾತ್ರವೂ ಎಲೆಕ್ಟ್ರಿಷಿಯನ್, ಅದರಲ್ಲೇನು ನಟನೆ ಅಂತೆ. ತಂತಿ ಹಿಡಿಯೋ ಕೈ ಕಸುಬಿನಿಂದ ಬಂತು, ಒಪ್ಪೋಣ. ಪೆದ್ರೊ ದನಕ್ಕೆ ಗುಂಡು ಹೊಡೆದ ಮೇಲೆ ಊರೇ ತಿರುಗಿಬೀಳುತ್ತಲ್ಲ, ಆಗಿನ ಆ ಮುಖ? ಅದನ್ನ ಯಾವ ವೈರಿಂಗ್ ಕೆಲಸ ಕಲಿಸುತ್ತೆ? ನಟನೆ ರೀ ಅದು!

ಇದ್ದ ಹಾಗೇ ಇದ್ದಾರೆ ಅನ್ನೋ ಮಾತಿನಿಂದಲೇ ಅವರ ಮುಂದಿನ ದಾರಿ ಮುಚ್ಚುತ್ತೆ. ಆಮೇಲೆ ಬರೋ ಅವಕಾಶ ಅಂದ್ರೆ ಅದೇ ಗಡ್ಡ, ಅದೇ ಬೈಗುಳ, ಎರಡೇ ಸೀನು. ಬೇರೆ ಪಾತ್ರ ಕೊಟ್ಟು ನೋಡೋಣ ಅಂತ ಯಾರೂ ಅನ್ನಲ್ಲ. ನಟರು ಅಂತ ಒಪ್ಪಿದ್ರೆ ತಾನೇ?

ಒಪ್ಪದವರು ಕೆಳಗೆ ಬರೀರಿ, ಓದ್ತೀನಿ. ಬರೆಯೋ ಮುಂಚೆ ‘ಶಿವಮ್ಮ ಯರೇಹಂಚಿನಾಳ’ ನೋಡಿ, ಶರಣಮ್ಮ ಚೆಟ್ಟಿ ಇಡೀ ಸಿನಿಮಾ ಹೊತ್ತಿದ್ದಾರೆ. ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಈ ಸಂಚಿಕೇನ ಸಿನಿಮಾ ಮಾಡೋ ಗೆಳೆಯರಿಗೆ ಕಳಿಸಿ. ‘ನಟಿಸಿಲ್ಲ’ ಅಂದವರಿಗಂತೂ ಎರಡು ಸಲ ಕಳಿಸಿ.