ಊರಿನ ಮಳೆ, ರೈತರ ನಾಲೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಐಡಾಹೊ ರಾಜ್ಯದಲ್ಲಿ, ಬಾಯ್ಸಿ ನದಿಯ ದಂಡೆಯ ಮೇಲೆ ಕಾಲ್ಡ್‌ವೆಲ್ ಎಂಬ ಊರಿದೆ. ಅಲ್ಲಿ ಬೀಳುವ ಮಳೆ ನಮ್ಮ ಚಿತ್ರದುರ್ಗದ ಮಳೆಗಿಂತಲೂ ಕಡಿಮೆ. ಈರುಳ್ಳಿ, ಸಕ್ಕರೆ ಬೀಟ್‌ರೂಟ್, ಮೆಕ್ಕೆಜೋಳ ಎಲ್ಲವೂ ನಾಲೆಯ ನೀರಿನಿಂದಲೇ ಬೆಳೆಯಬೇಕು. ಅಲ್ಲಿನ ನಾಲೆಗಳನ್ನು ನೋಡಿಕೊಳ್ಳುವ ಪಯೊನೀರ್ ನೀರಾವರಿ ಜಿಲ್ಲೆ 1901ರಲ್ಲಿ ಹುಟ್ಟಿತು. ಹೆಸರಿನಲ್ಲಿ ಜಿಲ್ಲೆ ಎಂದಿದ್ದರೂ ಅದು ಜಮೀನುದಾರರು ತಾವೇ ತೆರಿಗೆ ಕಟ್ಟಿಕೊಂಡು, ತಾವೇ ಆರಿಸಿದ ಮಂಡಳಿಯ ಮೂಲಕ ನಡೆಸುವ ಸಂಸ್ಥೆ. 2008ರಲ್ಲಿ ಈ ಸಂಸ್ಥೆ ಕಾಲ್ಡ್‌ವೆಲ್ ನಗರದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ನಗರದ ಮಳೆನೀರಿನ ಕೊಳವೆಗಳು ತನ್ನ ನಾಲೆಗಳಿಗೆ ಬಾಯಿ ತೆರೆದುಕೊಂಡಿವೆ, ಅವುಗಳನ್ನು ತೆಗೆಯಬೇಕು ಎಂಬುದು ಅದರ ದೂರು.

ಕಾಲ್ಡ್‌ವೆಲ್‌ನ ಜನಸಂಖ್ಯೆ 2000ದಲ್ಲಿ ಸುಮಾರು 26 ಸಾವಿರ ಇತ್ತು. 2010ರ ಹೊತ್ತಿಗೆ 46 ಸಾವಿರ ದಾಟಿತು. ಹೊಲಗಳಿದ್ದ ಕಡೆ ಬಡಾವಣೆಗಳು ಎದ್ದವು. ಹೊಲದ ಮಣ್ಣು ಮಳೆಯನ್ನು ಕುಡಿಯುತ್ತದೆ. ಕುಡಿಯದೆ ಉಳಿದದ್ದನ್ನೂ ನಿಧಾನವಾಗಿ ಬಿಟ್ಟುಕೊಡುತ್ತದೆ. ಡಾಂಬರು ರಸ್ತೆಯೂ ಮನೆಯ ಚಾವಣಿಯೂ ಬಿದ್ದ ನೀರನ್ನು ಬಿದ್ದ ಗಳಿಗೆಯಲ್ಲೇ ಸಾಗಹಾಕುತ್ತವೆ. ಆ ನೀರು ಇಳಿಜಾರು ಹಿಡಿದು ಓಡುತ್ತದೆ, ನಾಲೆಯಾದರೋ ಆ ಇಳಿಜಾರಿಗೆ ಅಡ್ಡಲಾಗಿ ಸಾಗುತ್ತಿರುತ್ತದೆ. ಮಳೆನೀರನ್ನು ಆ ನಾಲೆಗೆ ಬಿಟ್ಟುಬಿಡುವುದಕ್ಕಿಂತ ಅಗ್ಗದ ದಾರಿ ಬಡಾವಣೆ ಕಟ್ಟುವವರಿಗೆ ಬೇರೆ ಇಲ್ಲ.

ನಾಲೆಯಲ್ಲಿ ನೀರು ಹರಿಯುವುದೇ ಹೌದಾದರೆ ಇನ್ನೊಂದಿಷ್ಟು ಸೇರಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ಇಡೀ ಜಗಳದ ಬೇರು ಈ ಪ್ರಶ್ನೆಯಲ್ಲೇ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳ್ಳ ಮುಂದೆ ಹೋದಂತೆ ಅಗಲವಾಗುತ್ತದೆ, ಏಕೆಂದರೆ ದಾರಿಯುದ್ದಕ್ಕೂ ಅದಕ್ಕೆ ನೀರು ಬಂದು ಸೇರುತ್ತದೆ. ನಾಲೆ ಮರವಿದ್ದ ಹಾಗೆ, ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ ರೆಂಬೆ. ಪ್ರತಿ ತೂಬಿನಲ್ಲೂ ಒಂದಿಷ್ಟು ನೀರು ಹೊರಹೋಗುವುದರಿಂದ ಕೊನೆಯ ಭಾಗವನ್ನು ಕಿರಿದಾಗಿಯೇ ಕಟ್ಟಿರುತ್ತಾರೆ. ಊರಿನ ನಾಲ್ಕು ಕೊಳವೆಗಳು ನಡುದಾರಿಯಲ್ಲಿ ನೀರು ಸುರಿದರೆ, ಆ ನೀರು ಹೋಗಿ ಸೇರುವುದು ಅದನ್ನು ಹೊರಲು ಶಕ್ತಿಯೇ ಇಲ್ಲದ ಜಾಗಕ್ಕೆ. ಅಲ್ಲಿ ನಾಲೆಯ ಏರಿ ಒಡೆದರೆ ಮುಳುಗುವುದು ಕೊನೆಯ ಭಾಗದ ರೈತನ ಹೊಲ.

ಇನ್ನೂ ಒಂದು ತೊಡಕಿದೆ. ನಾಲೆಯ ನೀರು ಹಂಚುವ ನೀರುಗಂಟಿ ಬೆಳಿಗ್ಗೆ ತೂಬುಗಳನ್ನು ಅಳತೆ ನೋಡಿ ಹೊಂದಿಸಿರುತ್ತಾನೆ. ಮೇಲಿನಿಂದ ಬಿಟ್ಟ ನೀರು ಆಗಲೇ ದಾರಿಯಲ್ಲಿರುತ್ತದೆ. ಮಧ್ಯಾಹ್ನ ಗುಡುಗು ಮಳೆ ಬಂದರೆ ಬಿಟ್ಟ ನೀರನ್ನು ಹಿಂದಕ್ಕೆ ಕರೆಯಲು ಅವನಿಂದ ಸಾಧ್ಯವಿಲ್ಲ. ಚಳಿಗಾಲದಲ್ಲಿ ನಾಲೆ ಖಾಲಿ ಇರುತ್ತದಲ್ಲ ಎಂದರೆ, ಹೂಳು ತೆಗೆಯುವುದಕ್ಕೂ ದುರಸ್ತಿ ಮಾಡುವುದಕ್ಕೂ ಸಿಗುವ ಕಾಲ ಅದೊಂದೇ. ರಸ್ತೆ ತೊಳೆದು ಬಂದ ಎಣ್ಣೆ, ಕಸ, ನಾಯಿಯ ಹೇಸಿಗೆ ಈರುಳ್ಳಿಯ ಪಾತಿಗೆ ಹೋಗುವ ಮಾತನ್ನಂತೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕೊಳೆಗೆ ಕೇಂದ್ರದ ಜಲಮಾಲಿನ್ಯ ಕಾನೂನಿನಡಿ ನಾಳೆ ಹೊಣೆ ಹೊರಬೇಕಾದವರು ಯಾರು ಎಂಬ ಭಯವೂ ಪಯೊನೀರ್‌ಗೆ ಇತ್ತು.

ನಗರದ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಈ ನೆಲದ ನೀರು ಮೊದಲಿನಿಂದಲೂ ಈ ಕಡೆಗೇ ಇಳಿಯುತ್ತಿತ್ತು, ಬಡಾವಣೆಗಳು ಹೊಂಡಗಳಲ್ಲಿ ನೀರು ಹಿಡಿದಿಟ್ಟು ಹದವಾಗಿ ಬಿಡುತ್ತಿವೆ ಎಂದು ಅದು ಹೇಳಿತು. ಬಿಡುವುದೇ ಬೇಡ, ಬಿದ್ದಲ್ಲೇ ಇಂಗಿಸಿ ಎಂಬುದು ಪಯೊನೀರ್‌ನ ಉತ್ತರ. ಹೊಂಡ ನೀರಿನ ವೇಗವನ್ನು ತಗ್ಗಿಸಬಹುದು, ಒಟ್ಟು ನೀರನ್ನು ತಗ್ಗಿಸಲಾರದು. ಹಾಗಾಗಿ ನನ್ನ ಮನಸ್ಸು ಪಯೊನೀರ್ ಕಡೆಗೇ ವಾಲುತ್ತದೆ.

2012ರಲ್ಲಿ ಐಡಾಹೊದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಲಿಖಿತ ಒಪ್ಪಿಗೆಯಿಲ್ಲದೆ ನಾಲೆಯ ಜಾಗದಲ್ಲಿ ಏನನ್ನೂ ಕಟ್ಟುವಂತಿಲ್ಲ, ಕಟ್ಟಿದ್ದು ನಾಲೆಯ ಬಳಕೆಗೆ ಗಣನೀಯ ಅಡ್ಡಿಯಾದರೆ ಕಟ್ಟಿದವರ ಖರ್ಚಿನಲ್ಲಿ ತೆಗೆಯಬೇಕು ಎಂಬ ವಿಧಿ ಅಲ್ಲಿನ ಕಾನೂನಿನಲ್ಲಿತ್ತು. ಅಡ್ಡಿಯಾಗಿದೆಯೇ ಎಂದು ಮೊದಲು ತೀರ್ಮಾನಿಸುವ ಅಧಿಕಾರ ನಾಲೆಯವರದು, ಆ ತೀರ್ಮಾನ ವಿವೇಚನೆಯಿಂದ ಕೂಡಿದ್ದರೆ ನ್ಯಾಯಾಲಯ ಅದಕ್ಕೆ ಬೆಲೆ ಕೊಡುತ್ತದೆ ಎಂದು ಪೀಠ ಹೇಳಿತು. ಕೊಳವೆ ಹಾಕುವವನು ಮೊದಲು ಕೇಳಬೇಕು ಎಂಬುದು ಇದರಿಂದ ಗಟ್ಟಿಯಾಯಿತು.

ನಮ್ಮಲ್ಲಿ ಶಿವಮೊಗ್ಗದ ಒಳಗೇ ತುಂಗಾ ನಾಲೆ ಹರಿಯುತ್ತದೆ. ಮಂಡ್ಯ, ದಾವಣಗೆರೆಗಳ ಸುತ್ತ ವಿಶ್ವೇಶ್ವರಯ್ಯ ನಾಲೆ, ಭದ್ರಾ ನಾಲೆಗಳ ಗದ್ದೆಗಳಿವೆ. ನಾಲೆಯ ನೀರನ್ನು ಕೆಡಿಸುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇಲ್ಲಿ ನಾಲೆ ಸರ್ಕಾರದ ನಿಗಮದ್ದು, ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಪ್ರಾಧಿಕಾರವೂ ಸರ್ಕಾರದ್ದೇ. ತೆರಿಗೆ ಕಟ್ಟಿ ನಾಲೆ ನಡೆಸುವ ಪಯೊನೀರ್‌ನ ರೈತರ ಹಾಗೆ ನಾಲೆಯ ಒಡೆಯರಾಗಿ ನಿಂತು ಕೇಳುವ ಸ್ಥಾನ ನಮ್ಮ ಕೊನೆಯ ಭಾಗದ ರೈತರಿಗೆ ಇಲ್ಲ. ಅವರ ಕೈಯಲ್ಲಿರುವುದು ಮನವಿ ಪತ್ರ. ನಕ್ಷೆಗೆ ಮುದ್ರೆ ಬೀಳುವ ಮುನ್ನ ಈ ಬಡಾವಣೆಯ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಬರೆಸಬೇಕು. ಉತ್ತರ ನಾಲೆಗೆ ಎಂದಾದರೆ ನೀರಾವರಿ ಎಂಜಿನಿಯರ್ ಸಹಿ ಬೇಕು, ನೀರು ಬಳಕೆದಾರರ ಸಂಘದ ಒಪ್ಪಿಗೆಯೂ ಬೇಕು. ಕೊಳವೆಗಳು ನೆಲದಡಿ ಸೇರಿ, ಮನೆಗಳಲ್ಲಿ ಸಂಸಾರಗಳು ನೆಲೆಯಾದ ಮೇಲೆ ತೆಗೆಸುವುದು ಎಷ್ಟು ಕಷ್ಟ ಎಂಬುದನ್ನು ಕಾಲ್ಡ್‌ವೆಲ್‌ನವರು ವರ್ಷಗಟ್ಟಲೆ ನ್ಯಾಯಾಲಯ ಅಲೆದು ಕಂಡುಕೊಂಡರು.

ನಮಸ್ಕಾರ.